ಕೆರೆಯ ಯಾವ ದಂಡೆ?

ನಮ್ಮ ಕರ್ಜಗಿಯಲ್ಲಿ ಹವಾಮಾನದ ವರದಿ ರೇಡಿಯೋಕ್ಕಿಂತ ಮೊದಲು ಬೇಲಿಯ ಮೇಲೆ ಬರುತ್ತದೆ. ರೋಹಿಣಿ ಆತೇನ್ರಿ, ಮಿರಗ ಕೂಡ್ತೇನ್ರಿ, ವರದಾ ನದಿಗೆ ಕೆಂಪು ನೀರು ಬಂತಂತ ಹೌದೇನ್ರಿ. ಹೀರೇಬಳ್ಳಿಯ ಈಚೆಗೆ ನಾನು, ಆಚೆಗೆ ಅಕ್ಕಾರು. ಈ ಸಲ ವರದಿ ಸ್ವಲ್ಪ ದೂರದ್ದು. ಅಕ್ಕಾರ ಮಗ ಡಲ್ಲಾಸಿನ ಬಿಸಿಲು ಬಿಟ್ಟು ಬಫಲೋಗೆ ಹೊರಟಿದ್ದಾನೆ. ನ್ಯೂಯಾರ್ಕ್ ರಾಜ್ಯದ ಪಡುವಣ ಮೂಲೆಯ ಊರು, ಈರೀ ಸರೋವರದ ದಂಡೆ.

“ಅಲ್ಲೆ ಭಾಳ ಬರ್ಫ ಬೀಳತೈತಂತಲ್ರೀ. ಎಷ್ಟು ಸ್ವೆಟರ್ ಕಳಸ್ಲಿ?”

“ಸ್ವೆಟರ್ ಆಮ್ಯಾಲೆ. ಮನಿ ಯಾವ ದಿಕ್ಕಿಗೆ ಹಿಡದಾನ, ಅದನ್ನ ಕೇಳ್ರಿ ಮೊದಲ.”

“ಬಾಗಲಾ ಪೂರ್ವಕ್ಕ ಐತಂತ” ಅಂದರು ಅಕ್ಕಾರು. ನಾನು ಕೇಳಿದ್ದು ವಾಸ್ತುವಲ್ಲ, ಗಾಳಿ.

ಹೊಸ ಊರಿಗೆ ಹೋಗುವವರೆಲ್ಲ ಎಷ್ಟು ಡಿಗ್ರಿ ಥಂಡಿ ಅಂತ ಕೇಳುತ್ತಾರೆ. ದೊಡ್ಡ ನೀರಿನ ಮಗ್ಗುಲಿಗೆ ಹೋಗುವವರು ಕೇಳಬೇಕಾದದ್ದು ಬೇರೆ: ನೀರಿನ ಯಾವ ಕಡೆ? ಹಾವೇರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಸೆರಗಿನ ಹಾನಗಲ್ಲಿನವರು ಭತ್ತದ ಗದ್ದೆಯಲ್ಲಿ ಮೊಣಕಾಲು ಹೂತು ನಿಂತಾಗ, ಅದೇ ಜಿಲ್ಲೆಯ ರಾಣೆಬೆನ್ನೂರಿನವರು ಮುಗಿಲು ನೋಡುತ್ತ ಕೂತಿರುತ್ತಾರೆ. ಮಳೆಗಾಲ ಒಂದೇ, ಗಾಳಿಯೂ ಒಂದೇ. ನಿಂತ ಜಾಗ ಬೇರೆ.

ಈರೀ ಸರೋವರಕ್ಕೆ ಅಕ್ಕಾರು ಕೆರಿ ಅನ್ನುತ್ತಾರೆ, ನಾನೂ ತಿದ್ದಲು ಹೋಗಲಿಲ್ಲ. ಹಾವೇರಿ ಜಿಲ್ಲೆಯಂಥ ಐದು ಜಿಲ್ಲೆ ಅದರೊಳಗೆ ಮುಳುಗುತ್ತವೆ. ಉದ್ದ 388 ಕಿಲೋಮೀಟರ್, ಅಂದರೆ ನಮ್ಮ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿದಷ್ಟು. ಬಫಲೋ ಆ ಕೆರೆಯ ಪೂರ್ವದ ತುದಿಗಿದೆ, ಗಾಳಿ ಬಂದು ಹಾಯುವ ತುದಿಗೆ. ನವೆಂಬರ್ ಬಂತೆಂದರೆ ಕೆನಡಾದಿಂದ ಥಂಡಿ ಗಾಳಿ ಇಳಿಯುತ್ತದೆ. ನೀರಿನಲ್ಲಿ ಮಾತ್ರ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ನೀರಿನ ಮೇಲ್ಮೈಗೂ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್ ಅಂತರ ಬಿತ್ತೆಂದರೆ ಅಲ್ಲಿನ ಹವಾಮಾನದವರು ಎದ್ದು ಕೂಡುತ್ತಾರೆ. ನೀರಾವಿ ಹೀರುತ್ತ ಉದ್ದಕ್ಕೂ ಬಂದ ಗಾಳಿ ದಂಡೆ ಮುಟ್ಟಿದಲ್ಲಿ ಹೊತ್ತದ್ದನ್ನೆಲ್ಲ ಹಿಮವಾಗಿ ಇಳಿಸುತ್ತದೆ. ಒಮ್ಮೊಮ್ಮೆ ಗುಡುಗು ಮಿಂಚಿನ ಸಮೇತ.

ಇಳಿಸುವುದೂ ಊರಿಗೆಲ್ಲ ಸಮನಾಗಿ ಅಲ್ಲ. ಕೆಲವೇ ಮೈಲಿ ಅಗಲದ ಪಟ್ಟಿ ಅದು. ಹುಬ್ಬಿ ಮಳೆ ಎತ್ತಿನ ಒಂದು ಕೋಡಿಗೆ ಹೊಡೆದರೆ ಇನ್ನೊಂದಕ್ಕೆ ಹೊಡೆಯುವುದಿಲ್ಲ ಅಂತ ನಮ್ಮ ಹಿರಿಯರು ಅನ್ನುತ್ತಿದ್ದರಲ್ಲ, ತದ್ವತ್ ಹಾಗೆ. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಬಡಾವಣೆಗಳಲ್ಲಿ ಐದಡಿ ಮೀರಿ ಬಿತ್ತು, ಬಾಗಿಲು ತೆಗೆದರೆ ಹಿಮದ ಗೋಡೆ. ಊರಿನ ಉತ್ತರದಲ್ಲಿ ಕೆಲವೇ ಇಂಚು. ಉತ್ತರದವರು ಮನೆಯಿಂದಲೇ ದೂರದಲ್ಲಿ ಸುರಿಯುವ ಹಿಮದ ಬಿಳಿ ಗೋಡೆ ನೋಡುತ್ತ ಚಹಾ ಕುಡಿದಿರಬೇಕು.

“ಹಂಗಾದ್ರ ವರ್ಷ ಪೂರಾ ಹಿಂಗ ಏನ್ರೀ?”

ಅದೇ ಇಲ್ಲಿಯ ಸ್ವಾರಸ್ಯ. ಈರೀ ಆಳವಿಲ್ಲದ ಕೆರೆ, ಸರಾಸರಿ 19 ಮೀಟರ್ ಅಷ್ಟೇ. ಐದು ಮಹಾ ಸರೋವರಗಳಲ್ಲಿ ಬೇಗ ಹೆಪ್ಪುಗಟ್ಟುವುದು ಅದೇ. ಮೇಲೆ ಮಂಜುಗಡ್ಡೆಯ ಮುಚ್ಚಳ ಬಿದ್ದಮೇಲೆ ಆವಿ ಏಳುವುದೆಲ್ಲಿಂದ? ಹಾಗಾಗಿ ಥಂಡಿ ಹೆಚ್ಚಾದ ಫೆಬ್ರುವರಿಗಿಂತ, ಥಂಡಿ ಆಗತಾನೇ ಕಾಲಿಟ್ಟ ನವೆಂಬರ್, ಡಿಸೆಂಬರಿಗೇ ಹೆಚ್ಚು ಅಂಜಬೇಕು. ಹೆಪ್ಪುಗಟ್ಟಿತೆಂದು ಮೈಮರೆಯುವಂತೆಯೂ ಇಲ್ಲ. 1976ರಲ್ಲಿ ಕೆರೆ ಡಿಸೆಂಬರಿನಲ್ಲೇ ಗಟ್ಟಿಯಾಗಿ, ಅದರ ಮೇಲೆ ಹಿಮ ಬಿದ್ದು ಕೂತಿತ್ತು. 1977ರ ಜನವರಿ 28ರಂದು ಬೀಸಿದ ಬಿರುಗಾಳಿ ಆ ಹಿಮವನ್ನೆಲ್ಲ ಗುಡಿಸಿ ತಂದು ಊರೊಳಗೆ ಸುರಿಯಿತು. ಮುಗಿಲಿನಿಂದ ಬಿದ್ದದ್ದು ಸ್ವಲ್ಪ, ಕೆರೆಯಿಂದ ಹಾರಿ ಬಂದದ್ದೇ ಹೆಚ್ಚು. 2022ರ ಕ್ರಿಸ್‌ಮಸ್ಸಿನ ಬಿರುಗಾಳಿಯಲ್ಲಿ ಆ ಭಾಗದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರು ಹಾದಿಯಲ್ಲಿ ಸಿಕ್ಕ ಕಾರಿನಲ್ಲೇ, ಕೆಲವರು ಕರೆಂಟು ಹೋದ ಮನೆಯಲ್ಲಿ. ಆಂಬುಲೆನ್ಸೂ ಹೋಗಲಾಗಲಿಲ್ಲ. ಇದನ್ನು ಅಕ್ಕಾರಿಗೆ ಪೂರ್ತಿ ಹೇಳಲಿಲ್ಲ. ಸರಕಾರ ಹೊರಗೆ ಗಾಡಿ ತೆಗೆಯಬೇಡಿ ಅಂದ ದಿನ ತೆಗೆಯಬಾರದು, ಮಗನಿಗೆ ಆಣೆ ಹಾಕಿಸಿಕೊಳ್ಳಿ ಅಂದೆ, ಅಷ್ಟೇ.

ದಂಡೆಯ ಮಹಿಮೆ ಉಳಿದ ಊರುಗಳಲ್ಲೂ ಕಾಣುತ್ತದೆ. ಟೊರಾಂಟೊ ಆಂಟೇರಿಯೊ ಸರೋವರದ ವಾಯವ್ಯದ ದಂಡೆಗಿದೆ, ಅಲ್ಲಿ ವರ್ಷಕ್ಕೆ ಬೀಳುವ ಹಿಮ ಬಫಲೋದ ಅರ್ಧ. ಅದೇ ಸರೋವರದ ಆಗ್ನೇಯಕ್ಕಿರುವ ಸಿರಾಕ್ಯೂಸಿನಲ್ಲಿ ಬಫಲೋಕ್ಕಿಂತ ಹೆಚ್ಚು, ಸುದ್ದಿಯಲ್ಲಿ ಮಾತ್ರ ಬಫಲೋದ್ದೇ ಹೆಸರು. ಷಿಕಾಗೊ ಮಿಷಿಗನ್ ಸರೋವರದ ಪಶ್ಚಿಮಕ್ಕೆ, ಡೆಟ್ರಾಯಿಟ್ ಗಾಳಿ ಬರುವ ದಿಕ್ಕಿಗೆ ಹತ್ತಿರದಲ್ಲಿ ದೊಡ್ಡ ನೀರಿಲ್ಲದ ಕಡೆ. ವಿದ್ಯಾರಣ್ಯ ಕನ್ನಡ ಕೂಟ ಇರುವುದು ಷಿಕಾಗೊದಲ್ಲಿ, ಪಂಪ ಕನ್ನಡ ಕೂಟ ಡೆಟ್ರಾಯಿಟ್‌ನಲ್ಲಿ. ನಮ್ಮವರು ಗಾಳಿ ನೋಡಿ ಊರು ಹಿಡಿದರೆಂದಲ್ಲ, ನೌಕರಿ ನೋಡಿ ಹಿಡಿದರು. ಆದರೂ ಒಳ್ಳೆಯ ದಂಡೆಯೇ ಸಿಕ್ಕಿದೆ.

ಅಕ್ಕಾರ ಮುಖ ಸಣ್ಣಗಾದದ್ದು ಕಂಡು ಕೆರೆಯ ಪರವಾಗಿಯೂ ನಾಲ್ಕು ಮಾತಾಡಿದೆ. ಬೇಸಿಗೆಯಲ್ಲಿ ಅದೇ ನೀರು ಊರನ್ನು ತಂಪಾಗಿಡುತ್ತದೆ. ಬಫಲೋದಲ್ಲಿ ದಾಖಲಾದ ಗರಿಷ್ಠ ಉಷ್ಣತೆ 37.2 ಡಿಗ್ರಿ, ಅದೂ 1948ರಲ್ಲಿ. ನಮ್ಮಲ್ಲಿ ಏಪ್ರಿಲಿನಲ್ಲಿ ಅಷ್ಟಾದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಕೆರೆಯಂಚಿನ ನೆಲದಲ್ಲಿ ಮೈಲಿಗಟ್ಟಲೆ ದ್ರಾಕ್ಷಿ ತೋಟ. ತಣ್ಣನೆಯ ನೀರು ವಸಂತದಲ್ಲಿ ಚಿಗುರನ್ನು ತಡೆಹಿಡಿಯುತ್ತದೆ, ಬೆಚ್ಚಗಿನ ನೀರು ಶರತ್ಕಾಲದಲ್ಲಿ ಹೆಪ್ಪುಗಟ್ಟುವ ಇಬ್ಬನಿಯ ಹೊಡೆತವನ್ನು ಮುಂದೂಡುತ್ತದೆ. ಹಿಮದ ಲೆಕ್ಕವೂ ನೋಡುವುದಕ್ಕೆ ದೊಡ್ಡದು: ವರ್ಷಕ್ಕೆ ಸುಮಾರು 95 ಇಂಚು. ಹತ್ತು ಹನ್ನೆರಡು ಇಂಚು ಹಿಮ ಕರಗಿದರೆ ಒಂದಿಂಚು ನೀರು. ಇಡೀ ಚಳಿಗಾಲ ಕರಗಿಸಿದರೂ ನಮ್ಮ ಒಂದು ಚಲೋ ಮುಂಗಾರಿನ ಅರ್ಧವಾಗುವುದಿಲ್ಲ. ಮಳೆಯಾಗಿದ್ದರೆ ಹರಿದು ಹೋಗುತ್ತಿತ್ತು. ಹಿಮವನ್ನು ಸಲಿಕೆ ಹಿಡಿದು ತಾವೇ ಸಾಗಿಸಬೇಕು.

ನನ್ನ ಕೇಳಿದರೆ ಹಿಮಕ್ಕಿಂತ ಕಠಿಣ ಮುಗಿಲು. ನವೆಂಬರಿನಿಂದ ವಾರಗಟ್ಟಲೆ ಬೂದಿ ಬಣ್ಣ, ಡಿಸೆಂಬರಿನಲ್ಲಿ ಐದಕ್ಕೂ ಮೊದಲೇ ಹೊತ್ತು ಮುಳುಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಅಂಗಳದಲ್ಲಿ ಹರವಿ ಒಣಗಿಸುವ ಸೀಮೆಯವನಿಗೆ ಅದು ಮೈಗೆ ಹತ್ತುವುದು ತಡ.

“ಮೆಡ್ಲೇರಿ ಕಂಬಳಿ ಕಳಸ್ಲೇನು?”

“ಅಗದೀ ಕಳಸ್ರಿ. ಹಾಸಿಗಿಗಲ್ಲ, ಕಾರಿನ ಡಿಕ್ಕಿಗೆ. ಹಾದ್ಯಾಗ ಸಿಕ್ಕೊಂಡ್ರ ಉಣ್ಣಿ ತೊಯ್ದ್ರೂ ಬೆಚ್ಚಗ ಇಡತೈತಿ. ಕಟಕ ರೊಟ್ಟೀನೂ ಕಳಸ್ರಿ. ಹೀಟರ್ ಹಚ್ಚಿದ ಮನ್ಯಾಗ ಗಾಳಿ ಎಷ್ಟು ಒಣ ಅಂದ್ರ ಮೆತ್ತಗಾಗೂ ಮಾತ ಇಲ್ಲ. ಮತ್ತ ಆ ಹೀಟರಿನ ಹೊಗಿ ಕೊಳವಿ ಹೊರಗ ಇರತೈತಿ, ಬರ್ಫದಾಗ ಹೂತ್ರ ವಿಷಗಾಳಿ ಮನ್ಯಾಗ ತುಂಬತೈತಿ. ಬಾಗಲ ತೆರವು ಮಾಡೂ ಮೊದಲ ಅದನ್ನ ತೆರವು ಮಾಡು ಅನ್ರಿ.”

ಅಕ್ಕಾರು ಅಲ್ಲೇ ನಿಂತು ಫೋನು ಹಚ್ಚಿದರು. ಆಚೆ ಕಡೆ ನಿದ್ದೆಗಣ್ಣಿನ ದನಿ. ದಿಕ್ಕು ಕೇಳಿದರು, ಬಾಗಿಲಿನದಲ್ಲ, ಊರಿನದು. ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು.

“ಮನಿ ಉತ್ತರಕ್ಕಂತ್ರೀ. ಆಫೀಸು ದಕ್ಷಿಣಕ್ಕಂತ.”

“ಅಂದ್ರ ಒಂದು ಕೋಡು ಒಣ, ಒಂದು ಕೋಡು ಹಸಿ.”

“ಚಲೋನ ಆತು” ಅಂದು ಅಕ್ಕಾರು ಮತ್ತೆ ಫೋನಿಗೆ ಬಾಯಿ ಕೊಟ್ಟರು. “ಕೇಳಿಲ್ಲೆ, ನವೆಂಬರಿಗೆ ಅಂತ ರಜಾ ಎಲ್ಲಾ ಉಳಿಸಿ ಇಟ್ಕೋ. ದೀಪಾವಳಿಗೆ ಊರಿಗೆ ಬಂದ್ಬಿಡು.”