ಮೈಕ್ರಾನ್ ರಾಯರ ಬೇಟೆ

ಮೈಕ್ರಾನ್ ರಾಯರು ಪ್ರೆಶರ್ ಕುಕ್ಕರಿಗೂ ಮೂರು ಕೊಟೇಶನ್ ತರಿಸುವ ಪೈಕಿ. ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಕಿರ್ರೆನ್ನದ ಗೇಟು ಅಂತ ಇರುವುದು ಅವರದೊಂದೇ. ಮೂವತ್ತಾರು ವರ್ಷ ಟೂಲ್‌ರೂಮಿನಲ್ಲಿ ಕಬ್ಬಿಣ ಸವೆಸಿ, ತಾವು ಮಾತ್ರ ಒಂದಿಷ್ಟೂ ಸವೆಯದೆ ನಿವೃತ್ತರಾದವರು. ಹೆಸರಿಟ್ಟಿದ್ದು ಬೀದಿಯ ಹುಡುಗರು. ಯಾರದೋ ಗೃಹಪ್ರವೇಶದ ಊಟದಲ್ಲಿ ಹೋಳಿಗೆಯನ್ನು ಬೆಳಕಿಗೆ ಹಿಡಿದು, "ಈ ಅಂಚಿಗೂ ಆ ಅಂಚಿಗೂ ಇನ್ನೂರು ಮೈಕ್ರಾನ್ ವ್ಯತ್ಯಾಸ ಇದೆಯಲ್ಲಪ್ಪಾ" ಅಂದರಂತೆ. ಬಡಿಸುವವನು ಗಾಬರಿಬಿದ್ದು ಎರಡು ಹೋಳಿಗೆ ಹೆಚ್ಚಿಗೆ ಹಾಕಿ ಹೋದ.

ಈ ತಳಿ ನಮ್ಮ ಪಶ್ಚಿಮ ಬೆಂಗಳೂರಿಗೇ ವಿಶೇಷ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು, ಕಿರ್ಲೋಸ್ಕರ್, 1953ರಲ್ಲಿ ಶುರುವಾದ ಎಚ್‌ಎಂಟಿ, ಆಮೇಲೆ ಪೀಣ್ಯ. ಇಷ್ಟೂ ಕಡೆ ದುಡಿದವರು ಪಿಎಫ್ ದುಡ್ಡಲ್ಲಿ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಅಂತ ಮೂವತ್ತು-ನಲವತ್ತರ ಸೈಟುಗಳಲ್ಲಿ ಮನೆ ಕಟ್ಟಿಕೊಂಡರು. ಬೆಳಗಾದರೆ ವಾಕಿಂಗು, ಸಂಜೆಯಾದರೆ ಯಾರದಾದರೂ ಮನೆಯ ನಲ್ಲಿ ವಾಷರು. ಅವರಿಗೆ ಒಂದು ವಸ್ತುವನ್ನು ಕೊಳ್ಳುವುದು ಮುಖ್ಯವಲ್ಲ. ಕೊಳ್ಳುವ ಮೊದಲಿನ ಆರು ತಿಂಗಳಿದೆಯಲ್ಲ, ಅದೇ ನಿಜವಾದ ಸುಖ. ಕೊಂಡ ದಿನ ಮುಖ ಸಪ್ಪಗಾಗಿರುತ್ತದೆ, ಮಗಳ ಮದುವೆ ಮುಗಿದ ಮರುದಿನದ ಹಾಗೆ.

ಇಂಥ ರಾಯರ ಮನೆಗೆ ಏರ್‌ಗನ್ ಬಂದದ್ದು ಮೊಮ್ಮಗಳ ದೆಸೆಯಿಂದ. ಒಂಬತ್ತನೇ ಕ್ಲಾಸಿನ ಹುಡುಗಿ ಶೂಟಿಂಗ್ ತರಬೇತಿಗೆ ಸೇರಿದಳು. ರಜೆಗೆ ಬಂದಾಗ ಅಭ್ಯಾಸಕ್ಕಿರಲಿ ಅಂತ ತಾತ ಒಂದು ತಂದಿಟ್ಟರು. 0.177 ಕ್ಯಾಲಿಬರು, ಅಂದರೆ ನಾಲ್ಕೂವರೆ ಮಿಲಿಮೀಟರು. ಶಕ್ತಿ 20 ಜೂಲಿನೊಳಗೆ. 2016ರ ಆಯುಧ ನಿಯಮಗಳ ಪ್ರಕಾರ ಇದಕ್ಕೆ ಲೈಸೆನ್ಸು ಬೇಡ. ಬೇಡ ಅಂತಿರುವ ಪುಟವನ್ನೇ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಶನ್ ಹಾಕಿಸಿ, ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪೊಲೀಸ್ ಠಾಣೆಗೆ ಹೋದರು. ರೈಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಲೈಸೆನ್ಸ್ ಬೇಡ ಅಂದ್ಮೇಲೆ ಬಂದಿದ್ಯಾಕೆ ಸಾರ್?" ಅಂದರು. "ಬೇಡ ಅಂತ ಹೇಳೋಕೆ" ಅಂದರು ರಾಯರು.

ಮುಂದಿನ ಪ್ರಶ್ನೆ ಹತ್ತು ಮೀಟರಿನದು. ಸ್ಪರ್ಧೆಯಲ್ಲಿ ಗುರಿಹಲಗೆ ಇರುವುದು ಅಷ್ಟು ದೂರಕ್ಕೆ. ನಲವತ್ತು ಅಡಿ ಸೈಟಿನಲ್ಲಿ ಹಿಂದೆ ಮುಂದೆ ಬಿಟ್ಟ ಜಾಗ ಕಳೆದರೆ ಮನೆಗೆ ಉಳಿಯುವುದು ಮೂವತ್ತು ಚಿಲ್ಲರೆ ಅಡಿ. ಹತ್ತು ಮೀಟರಿಗೆ ಬೇಕಾದದ್ದು ಮೂವತ್ತೆರಡು ಅಡಿ ಒಂಬತ್ತು ಮುಕ್ಕಾಲು ಇಂಚು. ಟೇಪು ಹಿಡಿದು ನಾಲ್ಕು ದಿನ ಮನೆಯೊಳಗೆ ಓಡಾಡಿದ ಮೇಲೆ ದಾರಿ ಸಿಕ್ಕಿತು. ಹಾಲಿನ ಸೋಫಾದಿಂದ ಹೊರಟು, ದೇವರಮನೆಯ ಪಕ್ಕದಿಂದ, ಅಡುಗೆಮನೆ ಬಾಗಿಲು ಹಾಯ್ದು, ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹಿಂದಿನ ಗೋಡೆಗೆ ಸರಿಯಾಗಿ ಹತ್ತು ಮೀಟರು. ಗೋಡೆಗೆ ದಪ್ಪ ಮರದ ಹಲಗೆ, ಅದರ ಮೇಲೆ ಅಂಗುಲ ದಪ್ಪದ ಪುಟ್ಟಿ. ಸೀಸದ ಪೆಲೆಟ್ಟು ಅದರಲ್ಲಿ ಹೂತುಹೋಗಬೇಕು, ಪುಟಿಯಬಾರದು. ಹೊರಗಿನಿಂದ ಹಿತ್ತಲಿಗೆ ಬರುವ ಬಾಗಿಲಿಗೆ ಚಿಲಕ ಹಾಕದೆ, ಅಡುಗೆಮನೆಯಿಂದ "ಹೂಂ" ಅಂತ ಉತ್ತರ ಬರದೆ ಟ್ರಿಗರ್ ಮುಟ್ಟುವಂತಿಲ್ಲ. ಸಾಂಬಾರು ಒಗ್ಗರಣೆಯ ಹೊತ್ತಿನಲ್ಲಿ ಕದನವಿರಾಮ.

ಸ್ಕೋಪಿನ ಮಾತು ಹುಟ್ಟಿದ್ದು ಕಣ್ಣಿನಿಂದ. ಬಂದೂಕಿನ ಹಿಂದಿನ ಕಚ್ಚು, ನಳಿಗೆಯ ತುದಿಯ ಮೊನೆ, ದೂರದ ಗುರಿ, ಮೂರೂ ಒಂದೇ ಗೆರೆಗೆ ಬರಬೇಕು. ಅರವತ್ತೆಂಟರ ಕಣ್ಣಿಗೆ ಮೂರರಲ್ಲಿ ಒಂದು ಸ್ಪಷ್ಟವಾದರೆ ಇನ್ನೆರಡು ಮಂಜು. "ಜಾಯಿಂಟ್ ಫ್ಯಾಮಿಲಿ ಇದ್ದ ಹಾಗಪ್ಪ. ಒಬ್ಬರನ್ನ ಸಮಾಧಾನ ಮಾಡಿದ್ರೆ ಇನ್ನಿಬ್ಬರು ಮುಖ ತಿರುಗಿಸ್ತಾರೆ" ಅಂದರು. ದುರ್ಬೀನಾದರೆ ಗುರಿಯೂ ಅಡ್ಡಗೆರೆಯೂ ಒಂದೇ ಕಡೆ ಕಾಣುತ್ತವೆ. ಸರಿ, ಸಣ್ಣದೊಂದು ಸ್ಕೋಪು. ಬಜೆಟ್ಟು ಮೂರು ಸಾವಿರ, ಏಕೆಂದರೆ ಮೂಗಿಗಿಂತ ಮೂಗುತಿ ಭಾರವಾಗಬಾರದು. ಉದ್ದವೂ ಆಗಬಾರದು. ಇದು ನಳಿಗೆ ಮಡಿಸಿ ಪೆಲೆಟ್ಟು ಹಾಕುವ ಗನ್ನು, ಕೈಗೆ ಅಡ್ಡ ಬರುತ್ತದೆ. ಗುಟ್ಟಿನ ಕಾರಣ ಬೇರೆ. ಗನ್ನು ಮಲಗುವುದು ಬೀರುವಿನಲ್ಲಿ. ಸ್ಕೋಪಿನ ಗುಬ್ಬಿ ರೇಷ್ಮೆ ಸೀರೆಯ ಜರಿಗೆ ತಗುಲಿದರೆ ಗನ್ನೂ ರಾಯರೂ ಇಬ್ಬರೂ ಹೊರಗೆ ಅಂತ ಅಕ್ಕ, ಅಂದರೆ ರಾಯರ ಹೆಂಡತಿ, ಮೊದಲೇ ಹೇಳಿಯಾಗಿತ್ತು.

ಪೇಟೆಯ ಬೇಟೆಗೆ ನಾವು ಸುಮಾರು ಹನ್ನೊಂದು ಶನಿವಾರ ಹೋಗಿದ್ದೇವೆ. ಅಂಗಡಿಯವರೆಲ್ಲ ಡಬ್ಬ ತೆಗೆದು ಮೊದಲು ಹೇಳುವ ಮಾತು ಒಂದೇ: "ಬೇಟೆಗೂ ಆಗುತ್ತೆ ಸಾರ್." 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ಕಳೆದಿದೆ. ಸ್ವತಃ ರಾಯರು ಜಿರಲೆಯನ್ನೂ ಲಗ್ನಪತ್ರಿಕೆಯ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವವರು. ಆದರೂ ಆ ಮಾತು ಕೇಳಿದಾಗ ಅವರ ಬೆನ್ನು ಒಂದಿಂಚು ನೆಟ್ಟಗಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ಕೆನೆತ್ ಆಂಡರ್ಸನ್ ಬರೆದದ್ದನ್ನು ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಅವರ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಅದರಲ್ಲೂ 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಮಾಗಡಿ ರಸ್ತೆ ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಈಗ ಅಲ್ಲಿ ಮೇಲೆ ಮೆಟ್ರೋ, ಕೆಳಗೆ ಟ್ರಾಫಿಕ್ಕು. ಮುನಿಶಾಮಿ ಚಿರತೆ ತೋರಿಸುವೆನೆಂದು ಸಾಹೇಬರುಗಳಿಂದ ದುಡ್ಡು ಕೀಳುತ್ತಿದ್ದ ಆಸಾಮಿ. ಹನ್ನೊಂದು ಶನಿವಾರವೂ ರಾಯರು ಅಂಗಡಿಯಿಂದ ಇಳಿಯುತ್ತ ನನ್ನ ಕಿವಿಯಲ್ಲಿ, "ಇವನೂ ಮುನಿಶಾಮಿನೇ ಕಣಯ್ಯ" ಅನ್ನುತ್ತಿದ್ದರು.

ಒಬ್ಬ ಐವತ್ತು ಎಂಎಂ ಗಾಜಿನ ದೊಡ್ಡ ಸ್ಕೋಪು ತೋರಿಸಿ ಬೆಳಕು ಜಾಸ್ತಿ ಅಂದ. ರಾಯರು ಪಾಠ ಶುರು ಮಾಡಿದರು. "4×32 ಅಂದ್ರೇನು? ನಾಲ್ಕು ಪಟ್ಟು ಹತ್ತಿರ, ಮುಂದಿನ ಗಾಜು ಮೂವತ್ತೆರಡು ಎಂಎಂ. ಭಾಗಿಸು, ಎಂಟು. ಕಣ್ಣಿಗೆ ಬೀಳೋ ಬೆಳಕಿನ ಕಂಬ ಎಂಟು ಎಂಎಂ ದಪ್ಪ. ನನ್ನ ಪಾಪೆ ಕತ್ತಲಲ್ಲೂ ಐದರ ಮೇಲೆ ಅರಳಲ್ಲ. ಕಾವೇರಿ ನೀರು ಎರಡಿಂಚು ಪೈಪಲ್ಲಿ ಬಿಟ್ರೆ ಏನು ಬಂತು, ಸಂಪಿನ ಬಾಯಿ ಒಂದಿಂಚಾದ್ರೆ?" ಅಂಗಡಿಯವನು ನೀರಿನ ಮಾತು ಬಂದದ್ದೇ ಖುಷಿಯಾಗಿ, ತನ್ನ ಮನೆಗೆ ಹದಿನೈದು ದಿನದಿಂದ ಟ್ಯಾಂಕರೇ ಗತಿ ಅಂತ ಹೇಳತೊಡಗಿದ. ಆ ಶನಿವಾರ ಅಲ್ಲಿಗೆ ಮುಗಿಯಿತು.

ಕೊನೆಗೆ ಒಂದು ಕಡೆ ಅಗ್ಗಕ್ಕೆ ಸಿಕ್ಕಿತು ಅಂತ ನಾನೇ ಒತ್ತಾಯ ಮಾಡಿ ಕೊಡಿಸಿದೆ. ಅದು ನನ್ನ ತಪ್ಪು. ಮನೆಗೆ ತಂದು ನೋಡಿದರೆ ಹತ್ತು ಮೀಟರಿನ ಗುರಿ ಬೆಂಗಳೂರಿನ ಡಿಸೆಂಬರ್ ಬೆಳಗಿನ ಹಾಗೆ. ದೊಡ್ಡ ಬಂದೂಕಿನ ಸ್ಕೋಪುಗಳನ್ನು ನೂರು ಗಜಕ್ಕೆ ಹೊಂದಿಸಿರುತ್ತಾರೆ, ಹತ್ತಿರದ್ದು ಮಸಕು. ಮಸಕಾದರೂ ಸೈ, ಕಣ್ಣು ಚೂರು ಅತ್ತಿತ್ತ ಆದರೆ ಅಡ್ಡಗೆರೆಯೇ ಗುರಿಯ ಮೇಲೆ ಜಾರಾಡುತ್ತದೆ. ಪ್ಯಾರಲಾಕ್ಸ್ ಅಂದರೆ ಏನು ಅಂತ ಅವತ್ತು ನನಗೆ ಅರ್ಥವಾಯಿತು. "ಸ್ಕೂಟರಲ್ಲಿ ನನಗೆ ಮುಳ್ಳು ನಲವತ್ತು ತೋರಿಸ್ತಿರುತ್ತೆ. ಹಿಂದೆ ಕೂತ ನಿಮ್ಮಕ್ಕ ಅದೇ ಮುಳ್ಳು ನೋಡಿ ಐವತ್ತು ಅಂತ ಕಿರುಚ್ತಾಳೆ. ಇಬ್ಬರೂ ಸುಳ್ಳು ಹೇಳ್ತಿಲ್ಲ." ಒಳಗಿನಿಂದ ಉತ್ತರ ಬಂತು: "ಐವತ್ತೇ ಇತ್ತು ರೀ."

ಅರವತ್ತನೇ ಪೆಲೆಟ್ಟಿಗೆ ಆ ಸ್ಕೋಪಿನೊಳಗಿನ ಕೂಡುಗೆರೆ ಗುಣಾಕಾರ ಚಿಹ್ನೆಯಾಗಿ ವಾಲಿತು. ಸ್ಪ್ರಿಂಗ್ ಗನ್ನಿನ ಒದೆತ ವಿಚಿತ್ರ. ಪಿಸ್ಟನ್ನು ಮುಂದಕ್ಕೆ ನುಗ್ಗುವಾಗ ಗನ್ನು ಹಿಂದಕ್ಕೆ, ಪಿಸ್ಟನ್ನು ಕೊನೆಯಲ್ಲಿ ಡಿಕ್ಕಿ ಹೊಡೆದಾಗ ಗನ್ನು ಮುಂದಕ್ಕೆ. ನಿಜವಾದ ಬಂದೂಕು ಹಿಂದಕ್ಕೆ ಒದ್ದು ಸುಮ್ಮನಾಗುತ್ತದೆ. ಅದನ್ನು ತಡೆದುಕೊಳ್ಳುವ ಸ್ಕೋಪಿಗೆ ಮುಂದಿನಿಂದ ಬರುವ ಪೆಟ್ಟು ಹೊಸದು. ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವನ ಪಾಡು. ಸ್ಕೋಪು ಸತ್ತ ದಿನ ರಾಯರ ಮುಖದಲ್ಲಿ ಎಂಥ ಕಳೆ ಅಂತೀರಿ! ಮತ್ತೆ ಹುಡುಕುವ ಯೋಗ ಬಂದಿತ್ತಲ್ಲ.

ಈ ನಡುವೆ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತಕ್ಕೆ ವಿರಾಜಪೇಟೆ ಕಡೆಯ ಹಳೆಯ ಸಹೋದ್ಯೋಗಿ ಕರೆದರು, ಹೋಗಿಬಂದೆವು. ಕೋವಿಗೆ ಪೂಜೆ, ನಳಿಗೆಯ ಬಾಯಿಗೆ ತೋಕ್‌ಪೂವು, ಆಮೇಲೆ ಕಡಬು-ಪಂದಿಕರಿ. ರಾಯರು ಕಡಬಿಗಷ್ಟೇ. ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದ್ದು, ಈಗ 2029ರವರೆಗೆ ಇದೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯಿತು. ರಾಯರು ಹೆಬ್ಬೆರಳು ಚಾಚಿ ಮರದ ಎತ್ತರ ಅಂದಾಜು ಮಾಡಿ, ಗಾಳಿಯ ದಿಕ್ಕು ನೋಡಿ, ಚೀಟಿಯಲ್ಲಿ ಬರೆದುಕೊಂಡು ತಲೆ ಎತ್ತಿದರೆ ಮೇಲೆ ಕಾಯಿಯೇ ಇಲ್ಲ. ಎಪ್ಪತ್ತರ ಅಜ್ಜಿಯೊಬ್ಬರು ಕೋವಿಯನ್ನು ಮೊಮ್ಮಗನ ಕೈಗೆ ಕೊಟ್ಟು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ವಾಪಸು ಬರುವಾಗ ಮೈಸೂರಿನ ತನಕ ರಾಯರು ಮಾತಾಡಲಿಲ್ಲ.

ಎರಡನೇ ಸ್ಕೋಪು ಬಂದದ್ದು ಯುಗಾದಿಗೆ. ಏರ್‌ಗನ್ನಿಗೆಂದೇ ಮಾಡಿದ್ದು, 4×32, ಮುಂದಿನ ಉಂಗುರ ತಿರುಗಿಸಿದರೆ ಹತ್ತು ಗಜದಿಂದಲೇ ಸ್ಪಷ್ಟ, ಗನ್ನಿನ ಹನ್ನೊಂದು ಎಂಎಂ ಕಂಬಿಗೆ ಸರಿಯಾಗಿ ಕೂರುವ ಮೌಂಟು. ಬಜೆಟ್ಟು ಮೀರಿತ್ತು. ಎಷ್ಟು ಮೀರಿತ್ತು ಅಂತ ನಾನು ಇವತ್ತಿಗೂ ಹೇಳುವಂತಿಲ್ಲ, ಅಕ್ಕ ಓದುತ್ತಾರೆ. ರಾಯರು ಅದನ್ನು ಕೂಡಲೇ ಗನ್ನಿಗೆ ಕಟ್ಟಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ವಿ-ಬ್ಲಾಕ್ ಇಟ್ಟು, ಅದರಲ್ಲಿ ಸ್ಕೋಪು ಮಲಗಿಸಿ, ಎದುರಿಗೆ ಗ್ರಾಫ್ ಹಾಳೆ ಅಂಟಿಸಿದರು. ಒಂದು ಕ್ಲಿಕ್ಕಿಗೆ ನೂರು ಗಜದಲ್ಲಿ ಕಾಲು ಇಂಚು, ಹತ್ತು ಮೀಟರಿಗೆ ಹೆಚ್ಚುಕಡಿಮೆ 0.7 ಮಿಲಿಮೀಟರು. ನಲವತ್ತು ಕ್ಲಿಕ್ ಮೇಲೆ, ನಲವತ್ತು ಬಲಕ್ಕೆ, ನಲವತ್ತು ಕೆಳಗೆ, ನಲವತ್ತು ಎಡಕ್ಕೆ. ಹೊರಟ ಚೌಕಕ್ಕೇ ಗೆರೆ ವಾಪಸು ಬರಬೇಕು. ನಾನು ಕ್ಲಿಕ್ ಎಣಿಸುವವನು. "ಟಿಕ್, ಟಿಕ್" ಅನ್ನುವ ಸದ್ದಿಗೆ ಮೂವತ್ತೊಂದರ ಹತ್ತಿರ ಬರುವಷ್ಟರಲ್ಲಿ ಪಕ್ಕದ ಮನೆ ಕುಕ್ಕರ್ ಕೂಗಿ ಲೆಕ್ಕ ತಪ್ಪುತ್ತಿತ್ತು. ಮೊದಲಿಂದ. ಸಂಜೆ ಐದಕ್ಕೆ ಗೆರೆ ತನ್ನ ಚೌಕಕ್ಕೆ ಬಂತು. "ಬ್ಯಾಕ್‌ಲ್ಯಾಶ್ ಇಲ್ಲ" ಅಂತ ರಾಯರು ಪಿಸುಗುಟ್ಟಿದ ರೀತಿಗೆ, ನಾನು ಚಪ್ಪಲಿ ಬಿಟ್ಟು ನಿಂತುಕೊಂಡೆ.

ಬೇಸಿಗೆ ರಜೆಗೆ ಮೊಮ್ಮಗಳು ಬಂದಳು. ಗನ್ನನ್ನು ಬೀರುವಿನಿಂದ ತೆಗೆದು, ಸ್ಕೋಪಿನ ಕಡೆ ನೋಡಿ, "ಇದ್ಯಾಕೆ ತಾತ? ಕಾಂಪಿಟಿಷನ್ನಲ್ಲಿ ಸ್ಕೋಪ್ ಇಡೋ ಹಾಗಿಲ್ಲ" ಅಂದಳು.

"ಮತ್ತೆ ಆ ಬಿಂದ್ರಾ?"

"2008ರಲ್ಲಿ ಬೀಜಿಂಗಲ್ಲಿ ಚಿನ್ನ ಹೊಡೆದಿದ್ದು ಪೀಪ್ ಸೈಟಲ್ಲೇ. ಸಣ್ಣ ತೂತು ಅಷ್ಟೇ ತಾತ."

"ಹತ್ತು ಪಾಯಿಂಟಿನ ಚುಕ್ಕೆ ಎಷ್ಟು ದೊಡ್ಡದು?"

"ಅರ್ಧ ಮಿಲಿಮೀಟರ್."

"ಐನೂರು ಮೈಕ್ರಾನ್!" ರಾಯರು ಸೋಫಾದಿಂದ ಎದ್ದೇಬಿಟ್ಟರು. "ಐನೂರು ಮೈಕ್ರಾನಿಗೆ ಒಲಿಂಪಿಕ್ ಪದಕ ಕೊಡ್ತಾರಾ? ನಮ್ಮಲ್ಲಿ ಐದು ಮೈಕ್ರಾನ್ ತಪ್ಪಿದ್ರೆ ಜಾಬ್ ರಿಜೆಕ್ಟ್ ಮಾಡಿ ಮೆಮೊ ಕೊಡ್ತಿದ್ರು."

ಮರುದಿನ ರಾಜಾಜಿನಗರದ ಪರಿಚಯದ ವರ್ಕ್‌ಶಾಪಿನಲ್ಲಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಲೇತು ಖಾಲಿಯಿತ್ತು. ರಾಯರು ಸ್ಕ್ರ್ಯಾಪಿನಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ಆರಿಸಿ, ನಡುವೆ ಒಂದೂಕಾಲು ಮಿಲಿಮೀಟರಿನ ತೂತು ಕೊರೆದು, ಕಪ್ಪು ಬಣ್ಣ ಬಳಿದು ತಂದರು. ಗನ್ನಿನ ಹಿಂಬದಿಗೆ ಅದನ್ನು ಕೂರಿಸಿ ಕಣ್ಣಿಟ್ಟರೆ ಮೊನೆಯೂ ಗುರಿಯೂ ಎರಡೂ ಚೊಕ್ಕ. ಸಣ್ಣ ತೂತಿನಲ್ಲಿ ನೋಡಿದರೆ ಮುದಿಗಣ್ಣೂ ಹತ್ತಿರ ದೂರ ಎರಡನ್ನೂ ಹಿಡಿಯುತ್ತದೆ. ನಾವು ಚಿಕ್ಕಂದಿನಲ್ಲಿ ಮುಷ್ಟಿ ಕಿರಿದು ಮಾಡಿ ಬೋರ್ಡು ಓದುತ್ತಿರಲಿಲ್ಲವೇ, ಅದೇ. ಹತ್ತು ಪೆಲೆಟ್ಟಿನಲ್ಲಿ ಏಳು ಕರಿಯ ವೃತ್ತದೊಳಗೆ ಬಿದ್ದವು. ಖರ್ಚು, ವರ್ಕ್‌ಶಾಪಿನ ಹುಡುಗರಿಗೆ ಕೊಡಿಸಿದ ಮೂರು ಟೀ.

ಹೀಗೆ ಸ್ಕೋಪು ಕೆಲಸವಿಲ್ಲದೆ ಉಳಿಯಿತು. ಗನ್ನಿನ ಮೇಲಿದ್ದಷ್ಟು ದಿನ ಅದನ್ನು ಗೋಡೆಯ ಹೊರತು ಯಾವ ಕಡೆಗೂ ತಿರುಗಿಸದ ಶಿಸ್ತಿನ ಮನುಷ್ಯ, ಈಗ ಬಿಡಿಯಾಗಿ ಜುಬ್ಬದ ಜೇಬಿನಲ್ಲಿಟ್ಟುಕೊಂಡು ಟೆರೇಸು ಹತ್ತತೊಡಗಿದರು. ಮೊನ್ನೆ ಬೆಳಗ್ಗೆ ನಾನೂ ಜೊತೆಗಿದ್ದೆ. ಸಿಂಟೆಕ್ಸ್ ಟ್ಯಾಂಕಿಗೆ ಒರಗಿ, ಉಸಿರು ಬಿಗಿಹಿಡಿದು, ಮುಖ್ಯರಸ್ತೆಯ ಹಾಪ್‌ಕಾಮ್ಸ್ ಅಂಗಡಿಯ ಕಡೆ ಉಂಗುರ ತಿರುಗಿಸುತ್ತಿದ್ದರು. ಕೆಳಗಿನಿಂದ ಅಕ್ಕನ ದನಿ:

"ಸಿಕ್ತಾ ರೀ?"

"ತಡಿಯೇ, ಬೈಕೊಂದು ಅಡ್ಡ ಬಂತು... ಹಾಂ. ಬೀನ್ಸ್ ಎಂಬತ್ತು. ಕ್ಯಾರೆಟ್ ಅರವತ್ತೆರಡು."

"ಆ ತಳ್ಳುಗಾಡಿಯವನು?"

ರಾಯರು ಸ್ಕೋಪನ್ನು ನಿಧಾನವಾಗಿ ಎಡಕ್ಕೆ ಹೊರಳಿಸಿದರು. "ಬೋರ್ಡ್ ಹಾಕಿಲ್ಲ ಕಣೇ" ಅಂದವರು, ನನ್ನ ಕಡೆ ಬಾಗಿ ದನಿ ತಗ್ಗಿಸಿದರು. "ಮುನಿಶಾಮಿ."