ಡಬ್ಬಿಶಾಸ್ತ್ರ: ಟೆಂಪ್ಸ್‌ಫರ್ಡ್ ಪ್ರಕರಣ

ಮನೆಯೊಳಗೆ ತಮ್ಮ ಕನ್ನಡಕವನ್ನೇ ಹುಡುಕಿಕೊಳ್ಳಲಾರದ ವಯಸ್ಕರು, ಯಾರೋ ಅಪರಿಚಿತರು ಬೇಲಿಯಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಉಪಗ್ರಹಗಳ ನೆರವಿನಿಂದ ಪತ್ತೆಹಚ್ಚಿ, ಒಳಗಿನ ಕಾಗದಕ್ಕೆ ಸಹಿ ಹಾಕಿ, ಡಬ್ಬಿಯನ್ನು ಅಲ್ಲಿಯೇ ಇಟ್ಟು ಬರಿಗೈಯಲ್ಲಿ ಮರಳುವ ಕ್ರೀಡೆಗೆ ಜಿಯೋಕ್ಯಾಶಿಂಗ್ ಎಂದು ಹೆಸರು. ನಾಗರಿಕರ ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರವು 2000ದ ಮೇ 2ರಂದು ನಿಲ್ಲಿಸಿತು; ಮರುದಿನವೇ ಆರಿಗಾನ್ ರಾಜ್ಯದಲ್ಲಿ ಮೊದಲ ಡಬ್ಬಿ ಅಡಗಿ ಕುಳಿತಿತು. ದೊರೆತ ನಿಖರತೆಯನ್ನು ವ್ಯರ್ಥಗೊಳಿಸುವ ಕಾರ್ಯದಲ್ಲಿ ಮನುಕುಲವು ಕಾಲವನ್ನು ವ್ಯರ್ಥಗೊಳಿಸಲಿಲ್ಲ.

ಈ ಕ್ರೀಡೆಯ ಪ್ರಭೇದಗಳಲ್ಲಿ ಒಗಟಿನ ಡಬ್ಬಿ ಎಂಬುದು ಪಂಡಿತರ ಪಾಲಿನದು. ನಕಾಶೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ತೋರುವ ಜಾಗದಲ್ಲಿ ಡಬ್ಬಿ ಇರುವುದಿಲ್ಲ. ಒಗಟನ್ನು ಬಿಡಿಸಿದವರಿಗಷ್ಟೇ ಅದರ ನಿಜವಾದ ಅಕ್ಷಾಂಶ ರೇಖಾಂಶಗಳು ದಕ್ಕುತ್ತವೆ. ಅಂಕಿಗಳೇ ಇದರ ಆಹಾರವಾದ್ದರಿಂದ, ಒಗಟು ಹೆಣೆಯುವವರಿಗೆ ಎರಡನೆಯ ಮಹಾಯುದ್ಧದ ವಾಯುನೆಲೆಗಳೆಂದರೆ ಪಂಚಪ್ರಾಣ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಟೆಂಪ್ಸ್‌ಫರ್ಡ್ ಇದಕ್ಕೆ ಒಳ್ಳೆಯ ನಿದರ್ಶನ. ಆಕಾಶದಿಂದ ನೋಡಿದವರಿಗೆ ಹಾಳುಬಿದ್ದ ಹೊಲಮನೆಯಂತೆ ಕಾಣಲೆಂದು ಮರೆಮಾಚಿದ್ದ ಆ ನೆಲೆಯಿಂದ, 1942ರ ವಸಂತದಿಂದ ಮೊದಲ್ಗೊಂಡು, 138 ಮತ್ತು 161ನೆಯ ದಳಗಳು ನಾಜಿ ವಶದಲ್ಲಿದ್ದ ಯುರೋಪಿಗೆ ಗೂಢಚಾರರನ್ನೂ ಶಸ್ತ್ರಾಸ್ತ್ರಗಳನ್ನೂ ಸಾಗಿಸಿದವು. 138ನೆಯ ದಳದ ಗುರುತಿನ ಅಕ್ಷರಗಳಾದ ‘ಎನ್‌ಎಫ್’ ಅನ್ನು, ‘ಎ’ ಎಂದರೆ 1 ಎಂಬ ಲೆಕ್ಕದಲ್ಲಿ, 14 ಮತ್ತು 6 ಎಂದು ಓದಬೇಕು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬ ಕ್ರೀಡಾನಿಯಮಕ್ಕೂ 161ನೆಯ ದಳಕ್ಕೂ ಸಂಬಂಧವಿಲ್ಲ. ಆದರೆ ಒಗಟಿನ ಅಮಲೇರಿದವರು ಕಾಕತಾಳೀಯವನ್ನು ಒಪ್ಪುವುದಿಲ್ಲವಾದ್ದರಿಂದ, ಇಲ್ಲದ ಸಂಬಂಧವನ್ನು ಹುಡುಕುತ್ತ ನಡುರಾತ್ರಿಯವರೆಗೆ ದೀಪ ಉರಿಸುತ್ತಾರೆ.

ಇಂಥ ಶೋಧಕನ ಒಂದು ಮಾದರಿಯನ್ನು ಪರಿಶೀಲಿಸುವುದು ಉಚಿತ. ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಬೆಂಗಳೂರಿನಿಂದ ಬಂದಿಳಿದ, ಆ ಕಾರ್ಯಕ್ಕೆ ಸಂಪೂರ್ಣ ನಿರುಪಯೋಗಿಯೆಂದು ಸಾಬೀತಾದ ಬಳಿಕ ಹಾಲು ತರಲು ಅಟ್ಟಲ್ಪಟ್ಟ ನಿವೃತ್ತ ಕನ್ನಡಿಗನನ್ನು ಕಲ್ಪಿಸಿಕೊಳ್ಳಬಹುದು. (ಆತ ಈ ಪ್ರಬಂಧದ ಕರ್ತೃವನ್ನು ಹೋಲುತ್ತಾನೆಂಬ ಆಕ್ಷೇಪವನ್ನು ಇಲ್ಲಿ ಪರಿಗಣಿಸಿಲ್ಲ.) ಆತನಿಗೆ ಕಡೆಗೂ ಸಿಗುವುದು ‘ನ್ಯಾನೊ’, ಅಂದರೆ ಅಯಸ್ಕಾಂತದಿಂದ ಕಬ್ಬಿಣದ ಗೇಟಿಗೆ ಕಚ್ಚಿಕೊಂಡಿರುವ, ಕಿರುಬೆರಳ ತುದಿಯಷ್ಟು ಗಾತ್ರದ ಡಬ್ಬಿ. ಅದರಿಂದ ಸುರುಳಿ ಕಾಗದವನ್ನು ಹೊರತೆಗೆಯುವುದು ಸುಲಭ. ಮರಳಿ ತುಂಬುವುದು ಒಂದು ತಪಸ್ಸು. ಶೋಧಕನು ಅದನ್ನು ಹೂಬತ್ತಿಯಂತೆ ಹೊಸೆಯುತ್ತಾನೆ, ಅದು ಮುಚ್ಚಳಕ್ಕಿಂತ ಒಂದು ಕೂದಲೆಳೆ ದಪ್ಪವಾಗುತ್ತದೆ. ಬಿಚ್ಚಿ ಮತ್ತೆ ಹೊಸೆಯುತ್ತಾನೆ, ನಡುವಿನ ಸುತ್ತು ತಿರುಪಿನಂತೆ ಹೊರಚಾಚುತ್ತದೆ. ಉಗುಳು ಹಚ್ಚಲೇ ಎಂದು ಯೋಚಿಸಿ, ಮುಂದೆ ಬರುವ ಶೋಧಕರ ಆರೋಗ್ಯವನ್ನು ನೆನೆದು ತಡೆದುಕೊಳ್ಳುತ್ತಾನೆ. ಅಷ್ಟರಲ್ಲಿ ‘ಮಗಲ್’, ಅಂದರೆ ಕ್ರೀಡೆಯ ಗುಟ್ಟರಿಯದ ಸಾಮಾನ್ಯ ಮನುಷ್ಯ, ನಾಯಿಯೊಂದಿಗೆ ಆಗಮಿಸುತ್ತಾನೆ. ಗುಟ್ಟು ಕಾಯುವುದು ಧರ್ಮವಾದ್ದರಿಂದ ಶೋಧಕನು ಶೂ ಲೇಸು ಕಟ್ಟುವವನಂತೆ ಬಗ್ಗುತ್ತಾನೆ. ಆದರೆ ಆತನ ಕಾಲಲ್ಲಿರುವುದು ಚಪ್ಪಲಿ. ನಾಯಿಯ ಒಡೆಯನು ಆ ಚಪ್ಪಲಿಯನ್ನೂ, ಸುರುಳಿ ಅಡಗಿರುವ ಮುಷ್ಟಿಯನ್ನೂ, ಮತ್ತೆ ಚಪ್ಪಲಿಯನ್ನೂ ನೋಡುತ್ತಿರುವಾಗಲೇ ಫೋನು ಬಡಿದುಕೊಂಡು, “ಏನ್ರೀ, ಹಾಲು ತರಕ್ಕೆ ಹೋದೋರು ಎಮ್ಮೆ ಕಟ್ಟಕ್ಕೆ ಹೋದ್ರಾ?” ಎಂಬ ಧ್ವನಿ ಬಯಲಿಗೆಲ್ಲ ಕೇಳಿಸುತ್ತದೆ.

ಗಗನದ ಉಪಗ್ರಹಗಳೆಲ್ಲ ದಾರಿ ತೋರಿದರೂ ಶೋಧಕನು ಗೇಟಿನ ಸುತ್ತ ಗಿರಕಿ ಹೊಡೆದದ್ದು ಸುಳ್ಳಲ್ಲ. ಆದರೆ 161ನೆಯ ದಳದ ಲೈಸ್ಯಾಂಡರ್ ಎಂಬ ಒಂಟಿ ಇಂಜಿನಿನ ಪುಟ್ಟ ವಿಮಾನದ ಚಾಲಕನು, ಬೆಳದಿಂಗಳಲ್ಲಿ ನದಿಗಳ ಹೊಳಪನ್ನೂ ತೊಡೆಯ ಮೇಲಿನ ನಕಾಶೆಯನ್ನೂ ಹೋಲಿಸಿಕೊಳ್ಳುತ್ತ ಒಬ್ಬನೇ ಹಾರಿ, ಫ್ರಾನ್ಸಿನ ಯಾವುದೋ ಹೊಲದಲ್ಲಿ ‘ಎಲ್’ ಆಕಾರದಲ್ಲಿ ನೆಟ್ಟ ಮೂರು ಟಾರ್ಚುಗಳ ಬಳಿ ಇಳಿಯುತ್ತಿದ್ದನು. ದಕ್ಷಿಣ ತೀರದ ಟ್ಯಾಂಗ್‌ಮಿಯರ್ ನೆಲೆಯಿಂದ 1943ರ ಜೂನ್ 16ರ ರಾತ್ರಿ ಅಂಥ ವಿಮಾನದಲ್ಲಿ ಪ್ರಯಾಣಿಕಳಾಗಿ ಹೋದವಳು ನೂರ್ ಇನಾಯತ್ ಖಾನ್. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶದವಳೆಂದು ಹೇಳಲಾಗುವ, ಪ್ಯಾರಿಸಿನಿಂದ ರಹಸ್ಯವಾಗಿ ಸಂದೇಶ ರವಾನಿಸುತ್ತಿದ್ದ ವೈರ್‌ಲೆಸ್ ಗೂಢಚಾರಿಣಿ. ಸೆರೆಸಿಕ್ಕ ಬಳಿಕವೂ ಬಾಯಿ ಬಿಡದ ಆಕೆಯನ್ನು 1944ರ ಸೆಪ್ಟೆಂಬರಿನಲ್ಲಿ ಡಖಾವ್ ಶಿಬಿರದಲ್ಲಿ ಕೊಲ್ಲಲಾಯಿತು.

ಒಗಟು ಹೆಣೆಯುವವರ ಒಂದು ಚಾಳಿಯನ್ನು ಇಲ್ಲಿ ಖಂಡಿಸಲೇಬೇಕು. ನೂರ್‌ಳಂಥವರ ಮರಣದ ಇಸವಿಯಿಂದ ಜನನದ ಇಸವಿಯನ್ನು ಕಳೆದು ರೇಖಾಂಶದ ಕೊನೆಯಲ್ಲಿ ಬರೆಯಿರಿ ಎಂದು ಅವರು ಸಲೀಸಾಗಿ ಆದೇಶಿಸುತ್ತಾರೆ. ಶೋಧಕನು 1944ರಲ್ಲಿ 1914ನ್ನು ಕಳೆದು, 30 ಬಂತೆಂದು ಹಿಗ್ಗಿ ಅಂಕಿಯ ಕೆಳಗೆ ಗೆರೆ ಎಳೆಯುತ್ತಾನೆ. ಅದು ಅಕ್ಷಾಂಶ ರೇಖಾಂಶಗಳ ಬಾಬತ್ತಲ್ಲ, ಒಬ್ಬ ಹೆಣ್ಣುಮಗಳು ಬದುಕಿದ್ದ ವರ್ಷಗಳ ಲೆಕ್ಕ ಎಂಬುದು ಆತನಿಗೆ ಹೊಳೆಯುವುದು ಆಮೇಲೆ. ಈ ಲೆಕ್ಕವಿಲ್ಲದಿದ್ದರೆ ಆತ ಆ ಹೆಸರನ್ನು ಓದುತ್ತಲೇ ಇರಲಿಲ್ಲ ಎಂಬ ಸಮರ್ಥನೆ ಬರಬಹುದು. ಅದರಲ್ಲಿ ಸತ್ಯಾಂಶವಿದ್ದರೂ ಚಾಳಿ ಚಾಳಿಯೇ. ಕೂಡುವುದಕ್ಕೂ ಕಳೆಯುವುದಕ್ಕೂ ರನ್‌ವೇಗಳ ಉದ್ದಗಲ ಬೇಕಾದಷ್ಟಿದೆ. ಸತ್ತವರ ಇಸವಿಗಳನ್ನು ಬಿಟ್ಟುಬಿಡಬೇಕೆಂದೂ, ಸಾಧ್ಯವಾದರೆ ಡಬ್ಬಿಯನ್ನು ತುಸು ದೊಡ್ಡದು ಮಾಡಬೇಕೆಂದೂ ಒಗಟು ಹೆಣೆಯುವವರಲ್ಲಿ ವಿನಂತಿ.