ಪಂಕ್ತಿಗೆ ಬಂದ ರೀಸ್ಲಿಂಗ್

ಜರ್ಮನಿಯ ಬಿಳಿ ವೈನ್ ಎಂದರೆ ಸಿಹಿ ಪಾನಕ ಎಂಬ ಅಪವಾದವನ್ನು ಆ ದೇಶವೇ ಕಷ್ಟಪಟ್ಟು ಸಂಪಾದಿಸಿಕೊಂಡಿತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಲೀಬ್‌ಫ್ರೌಮಿಲ್ಶ್ ಎಂಬ ಅಗ್ಗದ ಸಿಹಿ ವೈನು ಇಂಗ್ಲೆಂಡ್, ಅಮೆರಿಕಗಳ ಅಂಗಡಿಗಳನ್ನು ತುಂಬಿತು. ಅದನ್ನು ಪರದೇಶಕ್ಕೆ ಸಾಗಹಾಕುತ್ತಲೇ ಜರ್ಮನ್ನರು ತಮ್ಮ ಊಟದ ಮೇಜಿಗೆ ಸಿಹಿಯಿಲ್ಲದ್ದನ್ನು ಆರಿಸಿಕೊಳ್ಳತೊಡಗಿದರು.

ಇಂಥ ಡ್ರೈ ವೈನಿನ ಸೀಸೆಯ ಮೇಲೆ ‘ಟ್ರೋಕನ್’ ಎಂದಿರುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಉಳಿದಿದ್ದರೆ ಕಾನೂನಿನ ತಕರಾರಿಲ್ಲ. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ರಿಯಾಯಿತಿ. ಆದರೆ ಸಕ್ಕರೆ ಹುಳಿಯನ್ನು 2 ಗ್ರಾಂಗಿಂತ ಹೆಚ್ಚು ಮೀರುವಂತಿಲ್ಲ. ಗಣಿತದ ಮೇಷ್ಟರ ಕೈವಾಡದಂತೆ ಕಂಡರೂ ನಾಲಗೆ ಈ ಲೆಕ್ಕವನ್ನು ಒಪ್ಪುತ್ತದೆ: ಹುಳಿ ಜೋರಾಗಿದ್ದರೆ ಚೂರುಪಾರು ಸಿಹಿ ತಲೆಯೆತ್ತುವುದೇ ಇಲ್ಲ. ‘ಫೈನ್‌ಹೆರ್ಬ್’ ಎಂಬ ಇನ್ನೊಂದು ಹೆಸರಿಗೆ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಸಾಮಾನ್ಯವಾಗಿ ತುಸು ಸಿಹಿ. ಎಷ್ಟು ತುಸು ಎಂಬುದು ಸೀಸೆ ಬಿಚ್ಚಿದ ಮೇಲಷ್ಟೇ ತಿಳಿಯುತ್ತದೆ.

ಈ ಹುಳಿಗೆ ಹೆಸರಾದ ದ್ರಾಕ್ಷಿ ರೀಸ್ಲಿಂಗ್. 1435ರಲ್ಲಿ ರ‍್ಯೂಸೆಲ್ಸ್‌ಹೈಮ್‌ನ ಖರ್ಚಿನ ಲೆಕ್ಕದಲ್ಲಿ ಇದರ ಹೆಸರು ಕಾಣಿಸಿಕೊಂಡಿತು. ತಡವಾಗಿ ಹಣ್ಣಾಗುವ ಜಾತಿ, ಮೇಲೆ ತಣ್ಣನೆಯ ಹವೆ. ಹಾಗಾಗಿ ಹುಳಿ ಕರಗುವುದಿಲ್ಲ. ಮೋಸೆಲ್ ನದಿಯ ದಡದ ಬ್ರೆಮ್ ಊರಿನಲ್ಲಿ ಇದನ್ನು ಬೆಳೆಯುವ ಕಾಲ್ಮೊಂಟ್ ಗುಡ್ಡದ ಇಳಿಜಾರು ಸುಮಾರು 65 ಡಿಗ್ರಿ ಮುಟ್ಟುತ್ತದೆ. ಅಲ್ಲಿ ನಿಲ್ಲುವುದೇ ಒಂದು ಕಸುಬು, ಕೊಯ್ಲು ಆಮೇಲಿನ ಮಾತು. ಹಳತಾದ ರೀಸ್ಲಿಂಗ್ ಕೆಲವೊಮ್ಮೆ ಸೀಮೆಎಣ್ಣೆಯ ವಾಸನೆ ಬೀರುತ್ತದೆ. ಬಲ್ಲವರು ಅದನ್ನೇ ಹೊಗಳುತ್ತಾರೆ. ಉಳಿದವರು ಸ್ಟವ್ ಸೋರುತ್ತಿದೆಯೇ ಎಂದು ನೋಡಲು ಎದ್ದು ಹೋಗುತ್ತಾರೆ.

ಊಟದ ವಿಚಾರಕ್ಕೆ ಬಂದರೆ, ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನಿನ ಪಕ್ಕದ ನಿಂಬೆಹೋಳು ಮಾಡುವ ಕೆಲಸವನ್ನೇ ಈ ವೈನ್ ಮಾಡುತ್ತದೆ, ಹಿಂಡುವ ಶ್ರಮವಿಲ್ಲದೆ. ಜಿಡ್ಡಿದ್ದಲ್ಲೆಲ್ಲ ಅದಕ್ಕೆ ಕರೆಯುಂಟು. ಫಾಲ್ಟ್ಸ್ ಸೀಮೆಯ ಸೌಮಾಗನ್ ಇದಕ್ಕೆ ಸಾಕ್ಷಿ: ಹಂದಿಯ ಹೊಟ್ಟೆಯೊಳಗೆ ಮಾಂಸ, ಆಲೂಗೆಡ್ಡೆ, ಮಸಾಲೆ ತುಂಬಿ ಬೇಯಿಸಿ, ಹೋಳು ಮಾಡಿ ಹುರಿದದ್ದು. ಆ ಸೀಮೆಯವರೇ ಆದ ಚಾನ್ಸಲರ್ ಹೆಲ್ಮುಟ್ ಕೋಲ್ ಡೈಡೆಸ್‌ಹೈಮ್ ಊರಿಗೆ ಕರೆತಂದ ವಿದೇಶಿ ನಾಯಕರಿಗೆ ಇದನ್ನು ಬಡಿಸುತ್ತಿದ್ದರು. 1989ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಸರದಿ. ಅಂಥ ತಟ್ಟೆಯ ಮುಂದೆ ಕೂತವರಿಗೆ ಆ ಸೀಮೆಯ ಡ್ರೈ ರೀಸ್ಲಿಂಗಿಗಿಂತ ದೊಡ್ಡ ಆಸರೆ ಇಲ್ಲ.

ಜರ್ಮನ್ನರ ನಿಜವಾದ ಭಕ್ತಿಯಿರುವುದು ಬಿಳಿ ಆಸ್ಪರಾಗಸ್ ಮೇಲೆ. ವಸಂತದಲ್ಲಿ ಮಣ್ಣಿನೊಳಗೇ ಬೆಳೆಯುವ ಈ ದಂಟಿಗೆ ಕರಗಿಸಿದ ಬೆಣ್ಣೆ, ಬೇಯಿಸಿದ ಆಲೂಗೆಡ್ಡೆ, ಹ್ಯಾಮ್ ಜೊತೆ. ಬಹಳಷ್ಟು ವೈನುಗಳು ಇದರೆದುರು ಲೋಹದ ರುಚಿ ತಾಳಿ ಸೋಲುತ್ತವೆ. ಗೆಲ್ಲುವುದು ಫ್ರಾಂಕನ್ ಸೀಮೆಯ ಸಾಧುಪ್ರಾಣಿ ಸಿಲ್ವಾನರ್. ಕಾಸ್ಟೆಲ್ ಊರಿನಲ್ಲಿ 1659ರಲ್ಲಿ ನೆಟ್ಟ ದ್ರಾಕ್ಷಿ ಅದು. ಅದನ್ನು ತುಂಬುವ ಚಪ್ಪಟೆ ಹೊಟ್ಟೆಯ ಬಾಕ್ಸ್‌ಬಾಯ್ಟಲ್ ಸೀಸೆ ಫ್ರಿಜ್ಜಿನ ಬಾಗಿಲಲ್ಲಿ ಹಿಡಿಸದಿದ್ದರೂ ಜರ್ಮನ್ನರು ದೂರುವುದಿಲ್ಲ. ಜೂನ್ 24ಕ್ಕೆ ಆಸ್ಪರಾಗಸ್ ಕೊಯ್ಲು ನಿಲ್ಲಿಸುವ ಸಂಪ್ರದಾಯವಿರುವುದರಿಂದ ಅದಕ್ಕೆ ಪುರಸೊತ್ತೂ ಇಲ್ಲ.

ಖಾರ ಮಾತ್ರ ಟ್ರೋಕನ್‌ಗೆ ಆಗಿಬರುವುದಿಲ್ಲ. ಮೆಣಸಿನಕಾಯಿಯ ಉರಿಯನ್ನು ವೈನಿನ ಆಲ್ಕೋಹಾಲ್ ಇನ್ನಷ್ಟು ಕೆದಕುತ್ತದೆ. ಕೋಳಿಸಾರು ಕುದಿಯುವ ಮನೆಗೆ ಆಲ್ಕೋಹಾಲ್ ಕಡಿಮೆಯಿರುವ, ತುಸು ಸಿಹಿಯುಳ್ಳ ಮೋಸೆಲ್ ಸೀಮೆಯ ಕಾಬಿನೆಟ್ ದರ್ಜೆಯ ವೈನೇ ವಾಸಿ.